ಕೈತಪ್ಪದ ಆಟಗಾರನ ಕಣ್ಣು, ಕೈ, ತಲೆ

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾಲಿನಿಂದ ಚೆಂಡನ್ನು ಒದೆಯುವ ಆಟ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಅಲ್ಲಿನ ಚೆಂಡು ದುಂಡಗಿರುವುದಿಲ್ಲ. ಎರಡು ತುದಿಯೂ ಚೂಪಾಗಿ, ಸುಲಿಯದ ತೆಂಗಿನಕಾಯಿಯಂತಿರುತ್ತದೆ. ಉದ್ದ ಸುಮಾರು 28 ಸೆಂಟಿಮೀಟರ್, ತೂಕ 400 ಗ್ರಾಂ ಆಸುಪಾಸು. ಆಟದಲ್ಲಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ತಂಡಕ್ಕೆ ಹನ್ನೊಂದು ಮಂದಿ. ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಚೆಂಡನ್ನು ಎಸೆಯುತ್ತಾನೆ. ಸಾಲಿನ ತೀರಾ ಅಂಚಿನಲ್ಲಿ, ಉಳಿದವರಿಂದ ದೂರ ನಿಂತಿದ್ದು, ಆಟ ಶುರುವಾದೊಡನೆ ಓಡಿಹೋಗಿ ಆ ಚೆಂಡನ್ನು ಹಿಡಿಯುವವನೇ ವೈಡ್ ರಿಸೀವರ್. ಅವನನ್ನು ತಡೆಯಲು, ಚೆಂಡು ಹಿಡಿದರೆ ಕೆಡವಲು ಎದುರು ತಂಡದವರು ಬೆನ್ನ ಹಿಂದೆಯೇ ಇರುತ್ತಾರೆ.

ಆರೋಗ್ಯದ ಅಂಕಣದಲ್ಲಿ ಅಮೆರಿಕದ ಆಟದ ಮಾತೇಕೆ ಎಂದು ನೀವು ಕೇಳಬಹುದು. ಅಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಶಾಲಾ ತಂಡಗಳಲ್ಲಿ ಈ ಆಟವನ್ನು ಆಡುವುದುಂಟು. ಅವರ ಅಜ್ಜ ಅಜ್ಜಿಯರು ಇಲ್ಲಿ ರಕ್ತದೊತ್ತಡ ತೋರಿಸಲು ಬಂದಾಗ, ಮೊಮ್ಮಗನ ಫೋಟೋ ತೋರಿಸಿ, 'ಡಾಕ್ಟ್ರೇ, ಇದರಿಂದ ಕೈಗೆ ಏನೂ ಆಗೋದಿಲ್ಲ ತಾನೆ?' ಎಂದು ಕೇಳುವುದೂ ಉಂಟು. ಇದು ಒಂದು ಕಾರಣ. ಓಡುತ್ತಾ ಓಡುತ್ತಾ ಚೆಂಡು ಹಿಡಿಯುವ ಈ ಒಂದು ಕೆಲಸದಲ್ಲಿ ನಮ್ಮ ಕಣ್ಣು, ಒಳಕಿವಿ, ಮಿದುಳು, ಸ್ನಾಯುಗಳು ಹೇಗೆ ಕೂಡಿ ದುಡಿಯುತ್ತವೆ ಎಂಬುದನ್ನು ಬೇರೆಲ್ಲಿಯೂ ಇಷ್ಟು ಚೆನ್ನಾಗಿ ನೋಡಲು ಸಿಗುವುದಿಲ್ಲ ಎಂಬುದು ಇನ್ನೊಂದು ಕಾರಣ.

ಅಲ್ಲಿನ ವೃತ್ತಿಪರ ಆಟದಲ್ಲಿ ನಂಬಿಕಸ್ಥ ರಿಸೀವರ್ ಎಂದು ಯಾರನ್ನು ಕರೆಯುತ್ತಾರೆ? ಎಲ್ಲರಿಗಿಂತ ವೇಗವಾಗಿ ಓಡುವವನನ್ನಲ್ಲ, ಎಲ್ಲರಿಗಿಂತ ಎತ್ತರಕ್ಕೆ ಜಿಗಿಯುವವನನ್ನೂ ಅಲ್ಲ. ಇರಬೇಕಾದ ಜಾಗದಲ್ಲಿ ಇರಬೇಕಾದ ಕ್ಷಣಕ್ಕೆ ಇರುವವನು, ಕೈಗೆ ಬಂದ ಚೆಂಡನ್ನು ಬಿಡದವನು, ವಾರದಿಂದ ವಾರಕ್ಕೆ ಮೈದಾನಕ್ಕೆ ಇಳಿಯಲು ಶಕ್ತನಾಗಿರುವವನು. ಲ್ಯಾರಿ ಫಿಟ್ಜ್‌ಜೆರಾಲ್ಡ್ ಎಂಬ ಆಟಗಾರರು 2004ರಿಂದ 2020ರವರೆಗೆ ಹದಿನೇಳು ವರ್ಷ ಅರಿಜೋನಾ ತಂಡವೊಂದಕ್ಕೇ ಆಡಿ 1,432 ಬಾರಿ ಚೆಂಡು ಹಿಡಿದರು. ಕೈಗೆ ಬಂದದ್ದನ್ನು ಅವರು ಬಿಟ್ಟದ್ದು ಒಂದು ಎಣಿಕೆಯ ಪ್ರಕಾರ 29 ಸಲ ಮಾತ್ರ. ಎಸೆತ ಎದುರಾಳಿಯ ಪಾಲಾದಾಗ ಅವನನ್ನು ಅಟ್ಟಿಸಿಕೊಂಡು ಹೋಗಿ ಕೆಡವಿದ್ದು 41 ಸಲ. ರಿಸೀವರ್ ಒಬ್ಬ ಬಿಟ್ಟ ಚೆಂಡಿಗಿಂತ ಕೆಡವಿದ ಎದುರಾಳಿಗಳೇ ಹೆಚ್ಚು ಎಂಬುದನ್ನು ಅಮೆರಿಕದವರು ಇಂದಿಗೂ ಬೆರಗಿನಿಂದ ಹೇಳುತ್ತಾರೆ.

ಮೊದಲು ಕಣ್ಣು

ವೃತ್ತಿಪರ ಆಟಗಾರ ಎಸೆದ ಚೆಂಡು ಗಂಟೆಗೆ 80ರಿಂದ 95 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಬರುವಾಗ ತನ್ನ ಸುತ್ತ ತಾನೇ ಸೆಕೆಂಡಿಗೆ ಸುಮಾರು ಹತ್ತು ಸುತ್ತು ತಿರುಗುತ್ತಿರುತ್ತದೆ. ಇಪ್ಪತ್ತು ಗಜದ ದೂರವನ್ನು ಕ್ರಮಿಸಲು ಅದಕ್ಕೆ ಒಂದು ಸೆಕೆಂಡೂ ಬೇಕಿಲ್ಲ, ಮುಕ್ಕಾಲು ಸೆಕೆಂಡು ಸಾಕು. ಕಣ್ಣಿಗೆ ಕಂಡದ್ದನ್ನು ಮಿದುಳು ಅರಿತು ಕೈಗೆ ಆಜ್ಞೆ ಕಳಿಸಿ ಕೈ ಚಲಿಸತೊಡಗುವುದಕ್ಕೆ ಎಷ್ಟೇ ಚುರುಕಾದವರಿಗೂ ಸೆಕೆಂಡಿನ ಐದನೇ ಒಂದು ಭಾಗ ಹಿಡಿಯುತ್ತದೆ. ಅಂದರೆ ಚೆಂಡಿನ ಕೊನೆಯ ನಾಲ್ಕೈದು ಮೀಟರ್ ಪಯಣದಲ್ಲಿ, ಕಣ್ಣು ಕಂಡದ್ದನ್ನು ಆಧರಿಸಿ ಹೊಸದಾಗಿ ಏನನ್ನೂ ತಿದ್ದಿಕೊಳ್ಳಲು ಸಮಯವಿರುವುದಿಲ್ಲ. ಆದ್ದರಿಂದ ರಿಸೀವರ್ ಚೆಂಡು ಇರುವ ಜಾಗಕ್ಕೆ ಕೈ ಒಡ್ಡುವುದಿಲ್ಲ, ಅದು ಬಂದು ಸೇರಲಿರುವ ಜಾಗಕ್ಕೆ ಒಡ್ಡುತ್ತಾನೆ. ಮಿದುಳು ಮುಂದಾಗಿಯೇ ಲೆಕ್ಕ ಹಾಕಿಟ್ಟಿರುತ್ತದೆ.

ಈ ಲೆಕ್ಕಕ್ಕೆ ಬೇಕಾದ ಮಾಹಿತಿಯನ್ನು ಕೊಡುವುದು ಕಣ್ಣು. ನಿಮ್ಮ ತೋಳನ್ನು ಮುಂದಕ್ಕೆ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿ. ಕಣ್ಣು ಅತ್ಯಂತ ಸ್ಪಷ್ಟವಾಗಿ ಕಾಣಬಲ್ಲ ಜಾಗ ಹೆಚ್ಚುಕಡಿಮೆ ಅಷ್ಟೇ ಅಗಲ. ಉಳಿದದ್ದೆಲ್ಲ ಇದೆ ಎಂದು ಗೊತ್ತಾಗುತ್ತದೆಯೇ ಹೊರತು ವಿವರವಾಗಿ ಕಾಣುವುದಿಲ್ಲ. ಅಕ್ಷಿಪಟಲದ ನಡುವಿನ ಒಂದು ಪುಟ್ಟ ಗುಳಿಯಲ್ಲಿ ಮಾತ್ರ ಸೂಕ್ಷ್ಮ ದೃಷ್ಟಿಯ ಕೋಶಗಳು ಒತ್ತೊತ್ತಾಗಿರುವುದೇ ಇದಕ್ಕೆ ಕಾರಣ. ಹಾರಿ ಬರುವ ಚೆಂಡನ್ನು ಈ ಉಗುರಿನಗಲದ ಜಾಗದಲ್ಲಿ ಬಿಡದೆ ಹಿಡಿದಿಟ್ಟುಕೊಳ್ಳಬೇಕು. ಅಲ್ಲಿನ ತರಬೇತುದಾರರು ಇಡೀ ಚೆಂಡನ್ನು ನೋಡಬೇಡ, ಅದರ ಚೂಪು ಮೂತಿಯನ್ನು ನೋಡು ಎಂದು ಹೇಳಿಕೊಡುವುದು ಇದಕ್ಕಾಗಿಯೇ. ಚೆಂಡು ಕೈಗೆ ತಗಲುವ ಮುನ್ನವೇ ಯಾವ ಕಡೆ ಓಡಲಿ ಎಂದು ಕಣ್ಣನ್ನು ಅತ್ತ ತಿರುಗಿಸಿದವನು ಸುಲಭದ ಚೆಂಡನ್ನೂ ಕೈಚೆಲ್ಲುತ್ತಾನೆ. ನಮ್ಮ ಕ್ರಿಕೆಟ್ ಮೈದಾನಗಳಲ್ಲಿ ಬಿಟ್ಟ ಕ್ಯಾಚುಗಳಲ್ಲಿಯೂ ಇಂಥವು ಎಷ್ಟೋ.

ಇಷ್ಟೇ ಆದರೆ ಸುಲಭವಿತ್ತು. ಆದರೆ ನೋಡುವವನು ನಿಂತಿಲ್ಲ, ಪೂರ್ಣ ವೇಗದಲ್ಲಿ ಓಡುತ್ತಿದ್ದಾನೆ. ಪ್ರತಿ ಹೆಜ್ಜೆಗೂ ತಲೆ ಮೇಲೆ ಕೆಳಗೆ ಕುಲುಕುತ್ತದೆ. ಹಾಗಿದ್ದೂ ಅವನಿಗೆ ಚೆಂಡು ಕಲಸಿಹೋದಂತೆ ಕಾಣದಿರುವುದು ಹೇಗೆ? ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದು, ತಲೆಯನ್ನು ಅಲುಗಿಸದೆ, ಪತ್ರಿಕೆಯನ್ನು ಬೇಗಬೇಗ ಎಡಕ್ಕೂ ಬಲಕ್ಕೂ ಆಡಿಸಿ. ಅಕ್ಷರಗಳು ಕಲಸಿಹೋಗುತ್ತವೆ. ಈಗ ಪತ್ರಿಕೆಯನ್ನು ಅಲುಗಿಸದೆ ಹಿಡಿದು, ತಲೆಯನ್ನು ಅಷ್ಟೇ ವೇಗವಾಗಿ ಆಡಿಸಿ. ಅಕ್ಷರಗಳನ್ನು ಓದಬಹುದು! (ಕುತ್ತಿಗೆ ನೋವು, ತಲೆಸುತ್ತು ಇರುವವರು ಇದನ್ನು ಮಾಡುವುದು ಬೇಡ, ನನ್ನ ಮಾತನ್ನು ನಂಬಿದರೆ ಸಾಕು.) ತಲೆ ಎಷ್ಟು ತಿರುಗಿತು ಎಂಬುದನ್ನು ಒಳಕಿವಿಯಲ್ಲಿರುವ ಮೂರು ಅರ್ಧವೃತ್ತ ನಾಳಗಳು ಅಳೆಯುತ್ತವೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಮಯದಲ್ಲಿ ಕಣ್ಣಿನ ಸ್ನಾಯುಗಳಿಗೆ ಸಂದೇಶ ಹೋಗಿ, ತಲೆ ಬಲಕ್ಕೆ ಹೋದಷ್ಟೇ ಕಣ್ಣುಗುಡ್ಡೆ ಎಡಕ್ಕೆ ಹೊರಳುತ್ತದೆ. ನಮ್ಮ ದೇಹದ ಅತ್ಯಂತ ವೇಗದ ಪ್ರತಿಕ್ರಿಯೆಗಳಲ್ಲಿ ಇದೂ ಒಂದು. ಒಳಕಿವಿ, ಮಿದುಳಿನ ಕಾಂಡ, ಕಣ್ಣು ಈ ಮೂರರ ನಡುವಿನ ಈ ಹೊಂದಾಣಿಕೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ತಲೆಪೆಟ್ಟಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಫಿಟ್ಜ್‌ಜೆರಾಲ್ಡ್ ಅವರ ಅಜ್ಜ ಶಿಕಾಗೋ ನಗರದಲ್ಲಿ ಕಣ್ಣು ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್ ಆಗಿದ್ದರು. ಮೊಮ್ಮಗನಿಗೆ ಚಿಕ್ಕಂದಿನಲ್ಲಿಯೇ ಕಣ್ಣು ಮತ್ತು ಕೈಗಳನ್ನು ಹೊಂದಿಸುವ ವ್ಯಾಯಾಮಗಳನ್ನು ಮಾಡಿಸಿದರು. ಇದನ್ನು ಓದಿದ ಕೂಡಲೇ ಕಣ್ಣಿನ ವ್ಯಾಯಾಮದಿಂದ ಕನ್ನಡಕ ಬಿಡಿಸುತ್ತೇವೆ, ಮಗುವನ್ನು ಆಟದಲ್ಲಿ ಮುಂದೆ ತರುತ್ತೇವೆ ಎಂಬ ಜಾಹೀರಾತುಗಳ ಹಿಂದೆ ಹೋಗಬೇಡಿ. ಅದೇ ಹುಡುಗ ಸಾವಿರಾರು ಗಂಟೆ ಚೆಂಡು ಹಿಡಿಯುತ್ತಲೂ ಬೆಳೆದ. ಮಿನೆಸೋಟದ ವೃತ್ತಿಪರ ತಂಡದಲ್ಲಿ ಚೆಂಡು ಎತ್ತಿಕೊಡುವ ಹುಡುಗನಾಗಿದ್ದು, ಕ್ರಿಸ್ ಕಾರ್ಟರ್ ಅವರಂಥ ದೊಡ್ಡ ರಿಸೀವರ್‌ಗಳನ್ನು ಹತ್ತಿರದಿಂದ ನೋಡಿದ. ಅಜ್ಜನ ವ್ಯಾಯಾಮದ ಪಾಲೆಷ್ಟು, ಚೆಂಡಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಯಾವ ವೈದ್ಯನಿಗೂ ಸಾಧ್ಯವಿಲ್ಲ. ಮಗುವಿಗೆ ದೂರದ ವಸ್ತು ಮಸುಕಾಗಿ ಕಂಡರೆ ಕನ್ನಡಕ ಕೊಡಿಸಿ. ಒಂದು ಕಣ್ಣು ಮಂದವಾಗಿದ್ದರೆ ಏಳೆಂಟು ವರ್ಷದೊಳಗೆ ಚಿಕಿತ್ಸೆ ಮಾಡಿಸಿ. ಎರಡು ಕಣ್ಣೂ ಕೂಡಿ ನೋಡಿದರೆ ಮಾತ್ರ ದೂರ ಹತ್ತಿರದ ಅಂದಾಜು ಸರಿಯಾಗಿ ಸಿಗುತ್ತದೆ. ಉಳಿದದ್ದನ್ನು ಅಂಗಳದ ಆಟ ಕಲಿಸುತ್ತದೆ.

ಕೈ ಮತ್ತು ಬೆರಳು

ಎದೆಗಿಂತ ಮೇಲೆ ಬರುವ ಚೆಂಡಿಗೆ ಎರಡೂ ಹೆಬ್ಬೆರಳು, ತೋರುಬೆರಳುಗಳನ್ನು ಹತ್ತಿರ ತಂದು ನಡುವೆ ವಜ್ರಾಕಾರದ ಕಿಂಡಿ ಮಾಡಿಕೊಳ್ಳಬೇಕು. ಸೊಂಟಕ್ಕಿಂತ ಕೆಳಗೆ ಬರುವುದಕ್ಕೆ ಕಿರುಬೆರಳುಗಳನ್ನು ಜೋಡಿಸಬೇಕು. ಚೆಂಡನ್ನು ಎದೆಗೆ ತಗಲಿಸಿಕೊಂಡು ಅಪ್ಪುವವನಿಗಿಂತ ಮೈಯಿಂದ ದೂರದಲ್ಲಿಯೇ ಬೆರಳುಗಳಿಂದ ಹಿಡಿಯುವವನು ಮೇಲು. ಎದೆಗೂಡು ಗಟ್ಟಿ, ಚೆಂಡು ಪುಟಿಯುತ್ತದೆ. ಬೆರಳ ತುದಿಗಳಲ್ಲಾದರೋ ಸ್ಪರ್ಶದ ನರತುದಿಗಳು ಬೇರೆಲ್ಲಕ್ಕಿಂತ ದಟ್ಟವಾಗಿವೆ. ತಗಲಿದ ಚೆಂಡು ಜಾರತೊಡಗಿದರೆ, ನಮಗೆ ಅರಿವಾಗುವ ಮುನ್ನವೇ ಹಿಡಿತ ಬಿಗಿಯಾಗುತ್ತದೆ. ನೀರು ತುಂಬಿದ ಲೋಟ ಕೈಯಿಂದ ಜಾರಿದಾಗಲೂ ಆಗುವುದು ಇದೇ.

ಕೆಲವರು ಅಂಟಿನ ಮೊರೆಹೊಕ್ಕಿದ್ದೂ ಉಂಟು. ಓಕ್ಲೆಂಡ್ ತಂಡದ ಫ್ರೆಡ್ ಬಿಲೆಟ್ನಿಕಾಫ್ 1970ರ ದಶಕದಲ್ಲಿ ಸ್ಟಿಕಮ್ ಎಂಬ ಅಂಟನ್ನು ಕೈಗೆ ಬಳಿದುಕೊಳ್ಳುವುದಕ್ಕೆ ಹೆಸರಾಗಿದ್ದರು. 1981ರಲ್ಲಿ ಅದನ್ನು ನಿಷೇಧಿಸಲಾಯಿತು. ಈಗ ಅಂಗೈಗೆ ಹಿಡಿತ ಕೊಡುವ ಕೈಗವಸು ತೊಡುತ್ತಾರೆ. ಆದರೆ ಕೈಗವಸು ಬೆರಳನ್ನು ಗಾಯದಿಂದ ಕಾಪಾಡುವುದಿಲ್ಲ. ಚೆಂಡಿನ ಮೂತಿ ಬೆರಳಿನ ತುದಿಗೆ ನೇರವಾಗಿ ಬಡಿದರೆ, ತುದಿಯನ್ನು ಮೇಲೆತ್ತುವ ತಂತು ಹರಿದು ಬೆರಳ ತುದಿ ಜೋತುಬೀಳುತ್ತದೆ. ಕ್ರಿಕೆಟ್, ಥ್ರೋಬಾಲ್, ವಾಲಿಬಾಲ್ ಆಡುವ ನಮ್ಮ ಮಕ್ಕಳಲ್ಲಿಯೂ ಇದನ್ನು ಕಾಣುತ್ತೇವೆ. 'ಉಳುಕಿದೆ' ಎಂದು ಎಳೆಸುವುದು, ಎಣ್ಣೆ ಹಾಕಿ ತಿಕ್ಕಿಸುವುದು ಮಾಡಿಸಲೇಬೇಡಿ. ಎಕ್ಸ್-ರೇ ತೆಗೆಸಿ, ಬೆರಳ ತುದಿಯನ್ನು ನೇರವಾಗಿಟ್ಟು ಪಟ್ಟಿ ಕಟ್ಟಿಸಿಕೊಂಡು ಆರರಿಂದ ಎಂಟು ವಾರ ಒಂದು ಕ್ಷಣವೂ ಬಗ್ಗಿಸದಿದ್ದರೆ ಬಹುತೇಕ ಸರಿಹೋಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಎದುರಾಳಿಯ ಅಂಗಿ ಹಿಡಿದು ಎಳೆಯುವಾಗ ಆಗುವ ಗಾಯ. ಹೆಚ್ಚಾಗಿ ಉಂಗುರದ ಬೆರಳಿನಲ್ಲಿ, ತುದಿಯನ್ನು ಬಗ್ಗಿಸುವ ತಂತು ಕಿತ್ತುಬರುತ್ತದೆ. ಕಬಡ್ಡಿಯಲ್ಲಿಯೂ ಇದು ಆಗಬಹುದು. ಮುಷ್ಟಿ ಕಟ್ಟಿದಾಗ ಒಂದು ಬೆರಳಿನ ತುದಿ ಮಾತ್ರ ಬಗ್ಗದೆ ನೆಟ್ಟಗೆ ನಿಂತರೆ ವಾರದೊಳಗೆ ಶಸ್ತ್ರವೈದ್ಯರ ಬಳಿ ಹೋಗಬೇಕು. ತಡವಾದಷ್ಟೂ ತಂತು ಅಂಗೈಯೊಳಕ್ಕೆ ಸರಿದುಬಿಡುತ್ತದೆ.

ಇಟ್ಟಿಗೆ ಹಿಡಿದ ಹುಡುಗ

ಈ ಆಟದ ಇತಿಹಾಸದಲ್ಲಿ ಅತಿ ಹೆಚ್ಚು ಚೆಂಡು ಹಿಡಿದವರು ಜೆರ್ರಿ ರೈಸ್. 1985ರಿಂದ 2004ರವರೆಗೆ ಇಪ್ಪತ್ತು ವರ್ಷ ಆಡಿ 1,549 ಬಾರಿ ಹಿಡಿದರು. ಅವರ ತಂದೆ ಮಿಸಿಸಿಪ್ಪಿ ರಾಜ್ಯದಲ್ಲಿ ಇಟ್ಟಿಗೆ ಕಟ್ಟುವ ಗಾರೆ ಕೆಲಸದವರು. ರಜೆಯಲ್ಲಿ ಮಕ್ಕಳು ಸಾರುವೆಯ ಮೇಲೆ ನಿಂತು, ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಹಿಡಿದು ತಂದೆಗೆ ಕೊಡುತ್ತಿದ್ದರು. ನಮ್ಮಲ್ಲಿಯೂ ಮನೆ ಕಟ್ಟುವಲ್ಲಿ ಈ ದೃಶ್ಯವನ್ನು ನೀವು ನೋಡಿದ್ದೀರಿ. ಇಟ್ಟಿಗೆಯನ್ನು ಗಟ್ಟಿಯಾಗಿ ತಡೆಯುವವನ ಕೈ ಒಡೆಯುತ್ತದೆ. ಬಂದ ದಿಕ್ಕಿನಲ್ಲೇ ಕೈಯನ್ನು ಸ್ವಲ್ಪ ಹಿಂದಕ್ಕೆ ಬಿಟ್ಟುಕೊಡುವವನು ದಿನವಿಡೀ ಹಿಡಿಯಬಲ್ಲ. ಚೆಂಡಿಗೂ ಇದೇ ವಿದ್ಯೆ.

ಹೀಗಿದ್ದರೂ ರೈಸ್ ತಮ್ಮ ಮೊದಲ ವರ್ಷದಲ್ಲಿ ಚೆಂಡುಗಳನ್ನು ಬಿಟ್ಟು ಬಿಟ್ಟು ಪ್ರೇಕ್ಷಕರಿಂದ ಕೂಗಿಸಿಕೊಂಡರು. ಕೈಗೆ ಏನೂ ಆಗಿರಲಿಲ್ಲ. ಹೊಸ ತಂಡ, ಕಲಿಯಬೇಕಾದ ಹೊಸ ಆಟದ ಯೋಜನೆಗಳು. ಎಷ್ಟನೇ ಹೆಜ್ಜೆಗೆ ತಿರುಗಬೇಕು, ಎದುರಾಳಿ ಹೀಗೆ ನಿಂತರೆ ಹೇಗೆ ಬದಲಾಯಿಸಬೇಕು ಎಂದು ಯೋಚಿಸುತ್ತ ಓಡುವವನ ಗಮನ ಚೆಂಡಿನ ಮೇಲೆ ಪೂರ್ತಿ ಇರುವುದಿಲ್ಲ. ಸೈಕಲ್ ಕಲಿಯುವಾಗ ಮಾತನಾಡಿಸಿದರೆ ಬೀಳುತ್ತೇವೆ. ಕಲಿತ ಮೇಲೆ ಹಾಡುತ್ತ ಹೋಗುತ್ತೇವೆ. ಪದೇ ಪದೇ ಮಾಡಿದ ಚಲನೆಯ ಹೊಣೆಯನ್ನು ಮಿದುಳಿನ ಮೇಲ್ಪದರವು ಕಿರುಮಿದುಳಿಗೂ ಒಳಗಿನ ನರಗಂಟುಗಳಿಗೂ ಬಿಟ್ಟುಕೊಡುತ್ತದೆ. ಆಗ ಗಮನ ಬಿಡುವಾಗುತ್ತದೆ. ದೊಡ್ಡ ರಿಸೀವರ್‌ಗಳು ಚೆಂಡೆಸೆಯುವ ಯಂತ್ರದ ಮುಂದೆ ನಿಂತು ದಿನವೂ ನೂರಾರು ಚೆಂಡು ಹಿಡಿಯುವುದು, ಕ್ವಾರ್ಟರ್‌ಬ್ಯಾಕ್ ಜೊತೆ ಒಂದೇ ಓಟವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಓಡುವುದು ಇದಕ್ಕಾಗಿ. ಎಷ್ಟೋ ಎಸೆತಗಳು ರಿಸೀವರ್ ತಿರುಗಿ ನೋಡುವ ಮುನ್ನವೇ ಕ್ವಾರ್ಟರ್‌ಬ್ಯಾಕ್ ಕೈಯಿಂದ ಹೊರಟಿರುತ್ತವೆ. ಅವನು ಅಲ್ಲಿ ತಿರುಗಿಯೇ ತಿರುಗುತ್ತಾನೆ ಎಂಬ ಭರವಸೆಯ ಮೇಲೆ ಎಸೆದದ್ದು ಅದು.

ಇನ್ನೊಂದು ಅಡ್ಡಿ ಹೆದರಿಕೆ. ಮೈದಾನದ ನಡುವೆ ಎತ್ತರದ ಚೆಂಡಿಗೆ ಎರಡೂ ಕೈ ಚಾಚಿದವನ ಪಕ್ಕೆಲುಬು ಪೂರ್ತಿ ಬಯಲಾಗಿರುತ್ತದೆ. ನೂರು ಕಿಲೋ ತೂಕದವನೊಬ್ಬ ನುಗ್ಗಿ ಬರುವ ಹೆಜ್ಜೆ ಸಪ್ಪಳ ಕೇಳಿಸುತ್ತದೆ. ಆಗ ಕಣ್ಣು ಮುಚ್ಚುವುದು, ಹೆಗಲು ಕುಗ್ಗುವುದು, ತೋಳು ಒಳಕ್ಕೆ ಎಳೆದುಕೊಳ್ಳುವುದು ಸಹಜ. ಇದು ಹುಟ್ಟಿನಿಂದ ಬಂದ ರಕ್ಷಣೆಯ ಪ್ರತಿಕ್ರಿಯೆ, ಹೇಡಿತನವಲ್ಲ. ನಂಬಿಕಸ್ಥ ಎನಿಸಿಕೊಳ್ಳಬೇಕಾದವನು ಈ ರಕ್ಷಣೆಯನ್ನು ತನ್ನ ಇಚ್ಛೆಯಿಂದ ಅದುಮಿಟ್ಟು ಚೆಂಡನ್ನೇ ನೋಡುತ್ತಿರಬೇಕು. ದೇಹ ತನ್ನನ್ನು ಕಾಪಾಡಿಕೊಳ್ಳಲು ಇಟ್ಟ ಕಾವಲುಗಾರನನ್ನೇ ಹೊರಗೆ ಕಳಿಸುವುದು ಈ ವೃತ್ತಿಯ ಷರತ್ತು. ವೈದ್ಯನಾಗಿ ನನಗೆ ಈ ಆಟದಲ್ಲಿ ಅತ್ಯಂತ ಕಳವಳ ಹುಟ್ಟಿಸುವ ಸಂಗತಿ ಇದು.

ಕಾಲು ಕೈಕೊಟ್ಟರೆ

2019ರಲ್ಲಿ ನ್ಯೂ ಆರ್ಲಿಯನ್ಸ್ ತಂಡದ ಮೈಕೆಲ್ ಥಾಮಸ್ ಒಂದೇ ವರ್ಷದಲ್ಲಿ 149 ಬಾರಿ ಚೆಂಡು ಹಿಡಿದು ದಾಖಲೆ ಮಾಡಿದರು. ಅವರತ್ತ ಎಸೆದದ್ದು 185. ಕೆಟ್ಟ ಎಸೆತಗಳೂ ಇದರಲ್ಲಿ ಸೇರಿವೆ. ಮರುವರ್ಷದ ಮೊದಲ ಪಂದ್ಯದಲ್ಲಿಯೇ ಪಾದದ ಕೀಲಿಗೆ ಪೆಟ್ಟಾಯಿತು. ಮೊಣಕಾಲಿನ ಕೆಳಗಿನ ಎರಡು ಮೂಳೆಗಳನ್ನು ಪಾದದ ಮೇಲ್ಗಡೆ ಒಂದಕ್ಕೊಂದು ಕಟ್ಟಿಹಾಕುವ ಲಿಗಮೆಂಟಿನ ಗಾಯ ಅದು. ಸಾಮಾನ್ಯ ಉಳುಕಿನಂತೆ ಎರಡು ಮೂರು ವಾರದಲ್ಲಿ ಮಾಯುವಂಥದ್ದಲ್ಲ. 2020ರಿಂದ 2022ರವರೆಗಿನ ಮೂರು ವರ್ಷಗಳಲ್ಲಿ ಅವರು ಆಡಿದ್ದು ಒಟ್ಟು ಹತ್ತೇ ಪಂದ್ಯ. ಕೈ ಅದೇ, ಕಣ್ಣು ಅದೇ. ಮೈದಾನದಲ್ಲಿಲ್ಲದ ಕೈಯನ್ನು ಮಾತ್ರ ಯಾರೂ ನೆಚ್ಚಲಾರರು.

ರಿಸೀವರ್‌ಗಳನ್ನು ಹೆಚ್ಚು ಕಾಡುವುದು ತೊಡೆಯ ಹಿಂಬದಿಯ ಸ್ನಾಯು, ಹ್ಯಾಮ್‌ಸ್ಟ್ರಿಂಗ್. ಪೂರ್ಣ ವೇಗದಲ್ಲಿ ಮುಂದಕ್ಕೆ ಬೀಸಿದ ಕಾಲನ್ನು ನೆಲ ಮುಟ್ಟುವ ಮುನ್ನ ತಡೆದು ನಿಲ್ಲಿಸುವುದು ಈ ಸ್ನಾಯು. ಆ ಕ್ಷಣದಲ್ಲಿ ಅದು ಒಂದೆಡೆ ಹಿಗ್ಗುತ್ತಲೂ ಇರುತ್ತದೆ, ಇನ್ನೊಂದೆಡೆ ಬಲ ಹಾಕುತ್ತಲೂ ಇರುತ್ತದೆ. ಹರಿಯುವುದು ಆಗಲೇ. ಒಮ್ಮೆ ಹರಿದದ್ದು ಮತ್ತೆ ಹರಿಯುವ ಸಂಭವ ಹೆಚ್ಚು. ನೋವು ಹೋಯಿತು ಎಂದರೆ ಬಲ ಬಂದಿತು ಎಂದಲ್ಲ. ಮಂಡಿಯೂರಿ ಕುಳಿತು, ಜೊತೆಗಾರನಿಂದ ಹಿಮ್ಮಡಿಗಳನ್ನು ಹಿಡಿಸಿಕೊಂಡು, ಮೈಯನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುವ ವ್ಯಾಯಾಮವೊಂದಿದೆ. ಕ್ರಮವಾಗಿ ಮಾಡಿದರೆ ಈ ಗಾಯಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆಂದು ಕಾಲ್ಚೆಂಡಿನ ಆಟಗಾರರ ಅಧ್ಯಯನಗಳು ತೋರಿಸಿವೆ. ನಮ್ಮ ವೇಗದ ಬೌಲರುಗಳಿಗೂ ಇದು ಒಳ್ಳೆಯದು.

ರೈಸ್ ವಿಷಯದಲ್ಲಿ ಇನ್ನೊಂದು ಪಾಠವಿದೆ. ಸತತ 189 ಪಂದ್ಯಗಳನ್ನು ಒಂದೂ ತಪ್ಪಿಸದೆ ಆಡಿದ್ದ ಅವರ ಎಡ ಮಂಡಿಯ ಲಿಗಮೆಂಟುಗಳು 1997ರ ಮೊದಲ ಪಂದ್ಯದಲ್ಲಿ ಹರಿದವು. ಇಂಥ ಗಾಯಕ್ಕೆ ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳಾದರೂ ಕಾಯಬೇಕೆಂದು ಇಂದು ಹೇಳುತ್ತೇವೆ. ಅವರು ಹದಿನಾಲ್ಕು ವಾರಕ್ಕೇ ಮರಳಿದರು. ಮರಳಿದ ಪಂದ್ಯದಲ್ಲಿಯೇ ಚೆಂಡು ಹಿಡಿದು ನೆಲಕ್ಕೆ ಬಿದ್ದಾಗ ಅದೇ ಮಂಡಿಯ ಚಿಪ್ಪು ಬಿರುಕುಬಿಟ್ಟಿತು. ಮುಂದಿನ ವರ್ಷ ಪೂರ್ತಿ ಗುಣವಾಗಿ ಬಂದು 82 ಬಾರಿ ಚೆಂಡು ಹಿಡಿದರು ಎನ್ನಿ. ಆದರೂ ಅವಸರಕ್ಕೆ ಮಂಡಿ ಯಾರ ಹೆಸರನ್ನೂ ಕೇಳುವುದಿಲ್ಲ.

ತಲೆಗೆ ಬಿದ್ದ ಪೆಟ್ಟು

ಕೈ, ಕಾಲುಗಳ ಗಾಯ ಕಣ್ಣಿಗೆ ಕಾಣುತ್ತದೆ. ತಲೆಯೊಳಗಿನದು ಕಾಣುವುದಿಲ್ಲ. ಮಿದುಳು ಸುಮಾರು 1.4 ಕಿಲೋ ತೂಗುವ ಮೆತ್ತನೆಯ ಅಂಗ, ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ಕುಡಿಕೆಯಲ್ಲಿರುವ ಗಟ್ಟಿ ಮೊಸರನ್ನು ನೆನೆಯಿರಿ. ಕುಡಿಕೆಯ ಹೊರಗೆ ಎಷ್ಟೇ ದಪ್ಪ ಬಟ್ಟೆ ಸುತ್ತಿ, ಒಮ್ಮೆ ಜೋರಾಗಿ ತಿರುಗಿಸಿ ನಿಲ್ಲಿಸಿದರೆ ಒಳಗಿನ ಮೊಸರು ಕದಡುತ್ತದೆ. ಹೆಲ್ಮೆಟ್ ಬುರುಡೆ ಒಡೆಯದಂತೆ ತಡೆಯುತ್ತದೆ. ಒಳಗಿನ ಮಿದುಳು ಹೊರಳುವುದನ್ನು ಪೂರ್ತಿ ತಡೆಯಲಾರದು. ಹೊರಳಿದಾಗ ನರತಂತುಗಳು ಎಳೆದಂತಾಗಿ ಅವುಗಳ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುತ್ತದೆ. ಇದನ್ನು ಕನ್‌ಕಶನ್ ಎನ್ನುತ್ತೇವೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಹೆಚ್ಚಿನವರಿಗೆ ತಪ್ಪುವುದೇ ಇಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಎಲ್ಲ ಸರಿಯಿದೆ ಎಂದೇ ಬರುತ್ತದೆ.

ಈಗ ನಾನು ನೆನಪಿಟ್ಟುಕೊಳ್ಳಿ ಎಂದಿದ್ದ ವಿಷಯಕ್ಕೆ ಬರೋಣ. ಕನ್‌ಕಶನ್ ಆದಾಗ ಮೊದಲು ಕೆಡುವವುಗಳಲ್ಲಿ ಒಳಕಿವಿ, ಕಣ್ಣು, ಮಿದುಳಿನ ಆ ಹೊಂದಾಣಿಕೆಯೂ ಒಂದು. ಚಲಿಸುವ ವಸ್ತುವನ್ನು ಕಣ್ಣು ಹಿಂಬಾಲಿಸಲಾರದು, ತಲೆ ತಿರುಗಿಸಿದರೆ ಸುತ್ತು ಬಂದಂತಾಗುತ್ತದೆ, ಪ್ರತಿಕ್ರಿಯೆ ನಿಧಾನವಾಗುತ್ತದೆ. ಅಂದರೆ ರಿಸೀವರ್‌ನನ್ನು ನಂಬಿಕಸ್ಥನನ್ನಾಗಿ ಮಾಡಿದ್ದ ಗುಣಗಳೇ ಮೊದಲು ಹೋಗುತ್ತವೆ. ತಂಡಕ್ಕಾಗಿ ಪೆಟ್ಟನ್ನು ಮುಚ್ಚಿಟ್ಟು ಆಡುವವನು ತಂಡಕ್ಕೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ಎದುರಿನಿಂದ ಬರುವವನನ್ನು ಸಮಯಕ್ಕೆ ಕಾಣದೆ ಇನ್ನೊಂದು ಪೆಟ್ಟು ತಿನ್ನುತ್ತಾನೆ. ತಲೆಪೆಟ್ಟಿನ ನಂತರದ ತಿಂಗಳುಗಳಲ್ಲಿ ಕಾಲಿನ ಗಾಯಗಳೂ ಹೆಚ್ಚೆಂದು ಕಂಡುಬಂದಿದೆ.

ನ್ಯೂಯಾರ್ಕಿನ ಜೆಟ್ಸ್ ತಂಡದ ಅಲ್ ಟೂನ್ ಒಳ್ಳೆಯ ರಿಸೀವರ್. ಕನಿಷ್ಠ ಒಂಬತ್ತು ಕನ್‌ಕಶನ್‌ಗಳಾದ ಮೇಲೆ 1992ರಲ್ಲಿ, ಇಪ್ಪತ್ತೊಂಬತ್ತನೇ ವಯಸ್ಸಿಗೇ ಆಟ ಬಿಟ್ಟರು. ಅದಕ್ಕೂ ಮೊದಲು, 1978ರ ಆಗಸ್ಟಿನಲ್ಲಿ, ಎತ್ತರದ ಚೆಂಡಿಗೆ ಮೈ ಚಾಚಿದ್ದ ಡಾರಿಲ್ ಸ್ಟಿಂಗ್ಲಿ ಎದುರಾಳಿಯ ಡಿಕ್ಕಿಗೆ ಕತ್ತಿನ ಮೂಳೆ ಮುರಿದು, ಕೈಕಾಲು ಸ್ವಾಧೀನ ತಪ್ಪಿ, 2007ರಲ್ಲಿ ತೀರಿಕೊಳ್ಳುವವರೆಗೆ ಗಾಲಿಕುರ್ಚಿಯಲ್ಲಿಯೇ ಕಳೆದರು. ಆಗಿನ ನಿಯಮದಲ್ಲಿ ಅದು ತಪ್ಪೇ ಆಗಿರಲಿಲ್ಲ.

ಪದೇ ಪದೇ ಬಿದ್ದ ಪೆಟ್ಟುಗಳು ವರ್ಷಗಳ ನಂತರವೂ ಬಿಡುವುದಿಲ್ಲ ಎಂಬುದು ಇನ್ನೂ ಗಂಭೀರ. ಪಿಟ್ಸ್‌ಬರ್ಗ್ ನಗರದಲ್ಲಿ ಶವಪರೀಕ್ಷೆ ಮಾಡುತ್ತಿದ್ದ, ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು 2002ರಲ್ಲಿ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳಿನಲ್ಲಿ ಟೌ ಎಂಬ ಪ್ರೋಟೀನು ಅಸಹಜವಾಗಿ ಶೇಖರವಾದದ್ದನ್ನು ಕಂಡು 2005ರಲ್ಲಿ ಪ್ರಕಟಿಸಿದರು. ಸಿ.ಟಿ.ಇ. ಎಂದು ಕರೆಯುವ ಈ ಕಾಯಿಲೆಯಲ್ಲಿ ಮರೆವು, ಸಿಟ್ಟು, ಖಿನ್ನತೆ, ಕೊನೆಗೆ ಬುದ್ಧಿಮಾಂದ್ಯ ಕಾಣಿಸಿಕೊಳ್ಳಬಹುದು. ವೆಬ್‌ಸ್ಟರ್ ರಿಸೀವರ್ ಆಗಿರಲಿಲ್ಲ, ಪ್ರತಿ ಆಟಕ್ಕೂ ಎದುರಾಳಿಗೆ ತಲೆ ಕೊಡುವ ನಡುಸಾಲಿನವರು. ಆದರೆ ರಿಸೀವರ್‌ಗಳೂ ಪಾರಾಗಿಲ್ಲ. 2009ರಲ್ಲಿ ಇಪ್ಪತ್ತಾರನೇ ವಯಸ್ಸಿಗೆ ತೀರಿಕೊಂಡ ಕ್ರಿಸ್ ಹೆನ್ರಿ, 2021ರಲ್ಲಿ ಮೂವತ್ತೆಂಟಕ್ಕೆ ತೀರಿಕೊಂಡ ವಿನ್ಸೆಂಟ್ ಜಾಕ್ಸನ್, ಅದೇ ವರ್ಷ ಮೂವತ್ತಮೂರಕ್ಕೆ ತೀರಿಕೊಂಡ ಡೆಮರಿಯಸ್ ಥಾಮಸ್, ಈ ಮೂವರ ಮಿದುಳಿನಲ್ಲಿಯೂ ಇದು ಕಂಡುಬಂತು. ಬಾಸ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದಂತೆ, ಪರೀಕ್ಷಿಸಿದ 111 ಮಾಜಿ ವೃತ್ತಿಪರರ ಮಿದುಳುಗಳಲ್ಲಿ 110ರಲ್ಲಿ ಸಿ.ಟಿ.ಇ. ಇತ್ತು. ಈ ಸಂಖ್ಯೆಯನ್ನು ಓದಿ ಆಡಿದವರಿಗೆಲ್ಲ ಬರುತ್ತದೆ ಎಂದುಕೊಳ್ಳಬೇಡಿ. ಬದುಕಿದ್ದಾಗ ತೊಂದರೆ ಕಂಡಿದ್ದ ಕುಟುಂಬದವರೇ ಹೆಚ್ಚಾಗಿ ಮಿದುಳನ್ನು ದಾನ ಮಾಡುತ್ತಾರೆ. ಇಂದಿಗೂ ಖಚಿತ ರೋಗನಿರ್ಣಯ ಸಾವಿನ ನಂತರವೇ ಸಾಧ್ಯ.

ನಿಯಮಗಳು ಬಿಗಿಯಾಗಿವೆ. ಚೆಂಡಿಗೆ ಕೈ ಚಾಚಿರುವ ಅಸಹಾಯಕ ರಿಸೀವರ್‌ನ ತಲೆಗೆ ಗುದ್ದಿದರೆ 15 ಗಜದ ದಂಡ. 2009ರ ಡಿಸೆಂಬರಿನಿಂದ ಕನ್‌ಕಶನ್ನಿನ ಗಂಭೀರ ಲಕ್ಷಣ ಕಂಡವನು ಅದೇ ದಿನ ಮತ್ತೆ ಆಡುವಂತಿಲ್ಲ. 2013ರಿಂದ ತಂಡಕ್ಕೆ ಸೇರದ ನರತಜ್ಞರು ಮೈದಾನದ ಅಂಚಿನಲ್ಲಿರುತ್ತಾರೆ. ಶಾಲಾ ಮಕ್ಕಳಿಗಾಗಿ 2009ರಲ್ಲಿ ವಾಷಿಂಗ್ಟನ್ ರಾಜ್ಯ ಮೊದಲು ಕಾನೂನು ಮಾಡಿತು. 2014ರ ಹೊತ್ತಿಗೆ ಎಲ್ಲ ರಾಜ್ಯಗಳೂ ಅನುಸರಿಸಿದವು. ಮೊಮ್ಮಗ ಅಲ್ಲಿನ ಶಾಲೆಯಲ್ಲಿ ಆಡುತ್ತಿದ್ದರೆ, ಪೆಟ್ಟಾದವನನ್ನು ಕೂಡಲೇ ಹೊರತಂದು, ವೈದ್ಯರ ಒಪ್ಪಿಗೆ ಸಿಗುವವರೆಗೆ ಆಡಿಸದಿರುವುದು ಆ ಶಾಲೆಯ ಕರ್ತವ್ಯ. ಫೋನಿನಲ್ಲಿ ಮಾತನಾಡುವಾಗ ಎಷ್ಟು ಚೆಂಡು ಹಿಡಿದೆ ಎಂದು ಕೇಳುವ ಜೊತೆಗೆ, ಪೆಟ್ಟು ಬಿದ್ದರೆ ಹೇಳುತ್ತೀಯಾ ಎಂದೂ ಕೇಳಿ. ಹುಡುಗರು ಮುಚ್ಚಿಡುವುದು ಜಾಗ ಕಳೆದುಕೊಳ್ಳುವ ಭಯದಿಂದ.

ಆಟ ಯಾವುದೇ ಇರಲಿ, ಮರದಿಂದ ಬಿದ್ದಿರಲಿ, ಬೈಕಿನಿಂದ ಬಿದ್ದಿರಲಿ, ತಲೆಗೆ ಪೆಟ್ಟು ಬಿದ್ದ ಮೇಲೆ ಮಗು ಮಂಕಾಗಿದ್ದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ, ಬೆಳಕು ಶಬ್ದ ಸಹಿಸದಿದ್ದರೆ, ನಡೆಯುವಾಗ ತೂಗಾಡಿದರೆ ಕನ್‌ಕಶನ್ ಎಂದೇ ತಿಳಿದು ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಲಾಗದ ನಿದ್ದೆ, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕೈ ಅಥವಾ ಕಾಲಿನ ಬಲಹೀನತೆ, ಮೂಗು ಕಿವಿಗಳಿಂದ ನೀರಿನಂಥ ದ್ರವ ಸುರಿಯುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯದೆ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಕತ್ತು ನೋಯುತ್ತಿದ್ದರೆ ಎತ್ತಿ ಕೂರಿಸಬೇಡಿ, ಕತ್ತು ಅಲುಗದಂತೆ ಮಲಗಿಸಿಯೇ ಸಾಗಿಸಬೇಕು.

ಇಂಥ ಲಕ್ಷಣಗಳಿಲ್ಲದ ಸಾಧಾರಣ ಕನ್‌ಕಶನ್ನಿಗೆ ವಿಶೇಷ ಮದ್ದಿಲ್ಲ. ಒಂದೆರಡು ದಿನ ಮನೆಯಲ್ಲಿ ವಿಶ್ರಾಂತಿ, ಮೊಬೈಲು ಟಿ.ವಿ. ಕಡಿಮೆ. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದೂ ಬೇಡ. ಆಮೇಲೆ ಸಣ್ಣ ನಡಿಗೆ, ಓದು, ಶಾಲೆ. ಶಾಲೆಯ ಪಾಠ ತಲೆನೋವಿಲ್ಲದೆ ನಡೆದ ಮೇಲೆ ಹಗುರವಾದ ಓಟ, ನಂತರ ಚೆಂಡಿನ ಅಭ್ಯಾಸ, ವೈದ್ಯರು ಒಪ್ಪಿದ ಮೇಲೆ ಮೈಗೆ ಮೈ ತಾಗುವ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ. ನಡುವೆ ತಲೆನೋವು ಅಥವಾ ಸುತ್ತು ಮರಳಿದರೆ ಹಿಂದಿನ ಹಂತಕ್ಕೆ ಇಳಿಯಬೇಕು. ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ತಿಂಗಳಾದರೂ ಲಕ್ಷಣಗಳು ಉಳಿದಿದ್ದರೆ ನರತಜ್ಞರಿಗೆ ತೋರಿಸುವುದು ಒಳ್ಳೆಯದು.